‘ಹೋಗಿದ್ದೆ’ಯಿಂದ ‘ಹ್ಯಾಡ್ ಗಾನ್’ವರೆಗೆ

‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವಾಗ ನಮಗೆ ವ್ಯಾಕರಣದ ನೆನಪೇ ಬರುವುದಿಲ್ಲ. ಹೋದದ್ದೂ ಆಯಿತು, ತಿರುಗಿ ಬಂದದ್ದೂ ಆಯಿತು ಎಂಬುದೆಲ್ಲ ಆ ‘ಇದ್ದೆ’ಯಲ್ಲೇ ಅಡಗಿದೆ. ‘ನಿನ್ನೆ ಮೈಸೂರಿಗೆ ಹೋದೆ’ ಎಂದು ನಿಲ್ಲಿಸಿ ನೋಡಿ. ಕೇಳುವವರು ‘ಹೂಂ, ಆಮೇಲೆ?’ ಎಂದು ಕತೆಗೆ ಕಾಯುತ್ತಾರೆ. ಆದರೆ ಇದನ್ನೇ ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಎಂದರೆ ಕೆಂಪು ಶಾಯಿ ಬೀಳುತ್ತದೆ. ಬರೀ ‘ವೆಂಟ್’ ಸಾಕಂತೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನೂ ಹಾಗೆಯೇ ತಿದ್ದುತ್ತೇನೆ. ತಿದ್ದಿದ ಮೇಲೆ ಈ ‘ಹ್ಯಾಡ್’ ಎಲ್ಲಿಂದ ಬಂತು ಎನ್ನುವುದನ್ನೂ ಹೇಳುತ್ತೇನೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಇದಿಲ್ಲದೆಯೂ ನಡೆಯುತ್ತಿತ್ತು. 9ನೆಯ ಶತಮಾನದ ಕೊನೆಯಲ್ಲಿ, ಆಲ್ಫ್ರೆಡ್ ದೊರೆಯ ಕಾಲದಲ್ಲಿ, ಲ್ಯಾಟಿನ್ ಗ್ರಂಥಗಳನ್ನು ಇಂಗ್ಲಿಷಿಗೆ ತಂದರು. ಲ್ಯಾಟಿನ್ನಿನಲ್ಲಿ ‘ಅದಕ್ಕೂ ಮೊದಲೇ ಆಗಿತ್ತು’ ಎನ್ನಲು ಕ್ರಿಯಾಪದಕ್ಕೇ ಬೇರೆ ರೂಪವಿತ್ತು. ಅನುವಾದಕರು ಎಷ್ಟೋ ಕಡೆ ಸಾದಾ ಭೂತಕಾಲ ಬಳಸಿ, ಪಕ್ಕದಲ್ಲಿ ‘ಮೊದಲು’ ಎಂಬರ್ಥದ ಪದವೊಂದನ್ನು ಇಟ್ಟರು. ಕೆಲಸ ನಡೆಯಿತು. ಇನ್ನೊಂದೆಡೆ ‘ಹ್ಯಾವ್’ ಬೆಳೆಯುತ್ತಿತ್ತು. ಅದರ ಮೂಲ ಅರ್ಥ ಕೈಯಲ್ಲಿ ಹಿಡಿದಿರುವುದು, ಹೊಂದಿರುವುದು. ‘ನನ್ನ ಬಳಿ ಕಾಗದವಿತ್ತು, ಬರೆದು ಮುಗಿಸಿದ್ದು’ ಎಂಬಂಥ ಮಾತು ಸವೆದು ಸವೆದು ‘ಕಾಗದ ಬರೆದಿದ್ದೆ’ ಎಂದಾಯಿತು. ಒಡೆತನ ಹೋಯಿತು, ಕಾಲ ಉಳಿಯಿತು.

ಬರುವುದು ಹೋಗುವುದರಲ್ಲಿ ಕೈಯಲ್ಲಿ ಹಿಡಿಯಲು ಏನಿದೆ? ಅಲ್ಲಿ ಇಂಗ್ಲಿಷರು ‘ಇರು’ ಧಾತುವನ್ನೇ ಬಳಸುತ್ತಿದ್ದರು. 1611ರ ಬೈಬಲ್ ಅನುವಾದದಲ್ಲೂ ‘ಹ್ಯಾಡ್ ಕಮ್’ ಅನ್ನಬೇಕಾದಲ್ಲಿ ‘ವಾಸ್ ಕಮ್’ ಸಿಗುತ್ತದೆ. ಬಂದು, ಇದ್ದ, ನಮ್ಮ ‘ಬಂದಿದ್ದ’! ಎರಡು ಭಾಷೆಗಳಿಗೂ ನೆಂಟಸ್ತಿಕೆಯಿಲ್ಲ, ಆದರೂ ಒಂದು ಕಾಲಕ್ಕೆ ಒಂದೇ ಹಾದಿಯಲ್ಲಿ ನಡೆದವು. 18, 19ನೆಯ ಶತಮಾನಗಳಲ್ಲಿ ‘ಹ್ಯಾಡ್’ ಈ ಜಾಗವನ್ನೂ ಹಿಡಿಯಿತು.

ನಿಯಮ ಮಾಡಿದವರ ಕಣ್ಣು ಲ್ಯಾಟಿನ್ನಿನ ಮೇಲಿತ್ತು. ಪ್ಲುಪರ್ಫೆಕ್ಟ್ ಎಂಬ ಹಳೆಯ ಹೆಸರಿನ ಅರ್ಥವೇ ‘ಪೂರ್ಣಕ್ಕಿಂತ ಹೆಚ್ಚು’. (ಪೂರ್ಣಕ್ಕಿಂತ ಹೆಚ್ಚು ಇನ್ನೇನಿರುತ್ತದೋ!) ಅಮೆರಿಕದಲ್ಲಿ ವಕೀಲನಾಗಿದ್ದು ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದ ಲಿಂಡ್ಲಿ ಮರ್ರೆ ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ಬರೆದ ವ್ಯಾಕರಣ 1795ರಲ್ಲಿ ಅಚ್ಚಾಗಿ, ಎರಡೂ ದೇಶಗಳ ಶಾಲೆಗಳನ್ನು ಆಳಿತು. ಕಳೆದುಹೋದ ಒಂದು ಗಳಿಗೆಗಿಂತಲೂ ಹಿಂದೆ ನಡೆದದ್ದಕ್ಕೆ ಮಾತ್ರ ಈ ರೂಪ ಎಂದು ಅವನು ಬರೆದ. ನಮ್ಮಲ್ಲಿ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ ಅದೇ ಪಾಠವನ್ನು ತಲೆಮಾರುಗಳಿಗೆ ಉರುಹೊಡೆಸಿತು. ನಾವು ನಿಲ್ದಾಣ ಸೇರುವ ಮೊದಲೇ ಹೊರಟುಬಿಡುವ ಆ ರೈಲು ನಮ್ಮ ತರಗತಿಗಳಲ್ಲಿ ಇನ್ನೂ ಹೊರಡುತ್ತಲೇ ಇದೆ.

ಕನ್ನಡದ ‘ಇದ್ದೆ’ಗೆ ಆ ಎರಡನೆಯ ಗೂಟ ಬೇಕಿಲ್ಲ. ಮಾತಾಡುತ್ತಿರುವ ಈ ಹೊತ್ತೇ ಅದಕ್ಕೆ ಗೂಟ. ಹಿಂದಿಯ ‘ಗಯಾ ಥಾ’ ಕೂಡ ಹೀಗೆಯೇ. ಆದ್ದರಿಂದಲೇ ಈ ‘ಹ್ಯಾಡ್’ ನಮ್ಮ ದೇಶದ ಉದ್ದಗಲಕ್ಕೂ ಕೇಳುತ್ತದೆ. ಇದನ್ನು ಅಜ್ಞಾನ ಎನ್ನಲು ನನಗೆ ಮನಸ್ಸಾಗದು. ತನ್ನದೇ ಅನುಭವವನ್ನು ಯಾವ ಕಾಲದಲ್ಲಿ ಹೇಳಬೇಕೆಂಬ ತಕರಾರು ಹೊಸದೂ ಅಲ್ಲ. ಸಂಸ್ಕೃತದಲ್ಲಿ ಕಣ್ಣಾರೆ ಕಾಣದ ಭೂತಕ್ಕೆ ಬೇರೆ ಲಕಾರವೇ ಇತ್ತು. ಅದನ್ನು ‘ನಾನು’ ಎಂಬುದರ ಜೊತೆ ಬಳಸಬಹುದೇ ಎಂದು ಕೇಳಿಕೊಂಡ ವೈಯಾಕರಣರು, ನಿದ್ದೆಯಲ್ಲೋ ಅಮಲಿನಲ್ಲೋ ಬಡಬಡಿಸಿದ್ದಾದರೆ ಸರಿ ಎಂದರು.

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಅಮ್ಮನ ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಂದಳು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೆವು, ನಾನೇ ಅಡುಗೆ ಮಾಡಿದ್ದೆ, ತಮ್ಮ ಶಾಲೆ ಬಿಟ್ಟಿದ್ದ. ಒಟ್ಟು ಹನ್ನೊಂದು ‘ಹ್ಯಾಡ್’. ಅವಳ ಮಟ್ಟಿಗೆ ಅದೆಲ್ಲ ಮುಗಿದು ದೂರವಾದ ಕಾಲ, ಹಾಗಾಗಿ ಕನ್ನಡದ ‘ಇದ್ದೆ’ ಸಾಲು ಸಾಲಿಗೂ ಬಂದು ಕೂತಿತ್ತು. ಇಂಗ್ಲಿಷಿನಲ್ಲಿ ಓದುವವರು ಮಾತ್ರ ಪ್ರತಿ ಸಾಲಿಗೂ ‘ಯಾವುದಕ್ಕಿಂತ ಮೊದಲು?’ ಎಂದು ತಡವರಿಸಬೇಕು. ಇಬ್ಬರೂ ಕೂತು ಒಂದೊಂದೇ ಹೊಡೆದುಹಾಕಿದೆವು. ಹತ್ತು ಹೋದವು. ಕೊನೆಯದು, ಅಮ್ಮ ಮನೆಗೆ ಬಂದಾಗ ಹಸು ಮಾರಿದ್ದೆವು ಎಂಬ ಸಾಲಿನಲ್ಲಿತ್ತು.

“ಇದೂ ಹೋಗಬೇಕಾ ಮೇಡಂ?”

“ಬೇಡ. ಬರೀ ‘ಸೋಲ್ಡ್’ ಅಂತ ಬರೆದರೆ ಅಮ್ಮ ಬಂದ ಮೇಲೆ ಮಾರಿದ ಹಾಗಾಗುತ್ತೆ.”

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. “ಇಲ್ಲ ಮೇಡಂ, ಅಮ್ಮನಿಗೆ ಗೊತ್ತೇ ಇರಲಿಲ್ಲ. ಬಂದವಳೇ ಮೊದಲು ಕೊಟ್ಟಿಗೆಗೆ ಹೋದಳು.”