ಅಂಗವಿಕಲರ ಸರಕಾರಿ ಸೌಲಭ್ಯಗಳು: ಕೊಚ್ಚಿ ಮತ್ತು ತಿರುವನಂತಪುರದ ಕನ್ನಡ ಕುಟುಂಬಗಳಿಗೆ ಕಾಗದಪತ್ರಗಳ ಕೈಪಿಡಿ

ಹೋಟೆಲ್ ಉದ್ಯಮ, ಬ್ಯಾಂಕು, ನೌಕಾಪಡೆ, ಕಳಮಶ್ಶೇರಿಯ ಎಚ್.ಎಂ.ಟಿ. ಕಾರ್ಖಾನೆ, ತುಂಬಾದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ, ಹೀಗೆ ಒಂದಿಲ್ಲೊಂದು ಕಾರಣದಿಂದ ಕೇರಳಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅಂಗವೈಕಲ್ಯವುಳ್ಳ ಸದಸ್ಯರಿರುವ ಮನೆಗಳೂ ಇವೆ. ಆದರೆ ಇಂತಹ ಮನೆಗಳವರಲ್ಲಿ ಅನೇಕರು ಸರಕಾರದ ಪ್ರಮಾಣಪತ್ರವನ್ನೇ ಮಾಡಿಸಿಕೊಂಡಿರುವುದಿಲ್ಲ. ಕೆಲವರಿಗೆ ಸಂಕೋಚ. ಇನ್ನು ಕೆಲವರು, ಸಂಬಳ ಬರುವ ಮನೆ, ತಿಂಗಳಿಗೆ ಎರಡು ಸಾವಿರ ರೂಪಾಯಿಗಾಗಿ ಕಚೇರಿ ಅಲೆಯುವುದೇಕೆ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಬಹುಕಾಲ ಕಳೆದ ನನಗೆ ತೋರಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಅನುಕೂಲಸ್ಥ ಕುಟುಂಬಗಳಿಗೆ ಆ ಮಾಸಾಶನ ಮುಖ್ಯವಲ್ಲ. ತಂದೆತಾಯಿಗಳ ಕಾಲಾನಂತರ ಆ ಮಗನಿಗೋ ಮಗಳಿಗೋ ದೊರೆಯಬೇಕಾದ ಕುಟುಂಬ ಪಿಂಚಣಿ, ಕಾನೂನುಬದ್ಧ ಪಾಲಕರು, ಖಾತೆಯಿಂದ ಹಣ ತೆಗೆಯುವ ಅಧಿಕಾರ, ಇವೆಲ್ಲವೂ ಆ ಒಂದು ಕಾಗದದಿಂದಲೇ ಆರಂಭವಾಗುತ್ತವೆ. ತಂದೆತಾಯಿಗಳು ಇರುವಾಗ ಸುಲಭವಾಗಿ ಆಗುವ ಈ ಕೆಲಸ, ಅವರು ಹೋದ ಮೇಲೆ ಅಣ್ಣತಮ್ಮಂದಿರ ಪಾಲಿಗೆ ವರ್ಷಗಟ್ಟಲೆಯ ಓಡಾಟವಾಗುತ್ತದೆ.

ಪ್ರಮಾಣಪತ್ರ ಮತ್ತು ಗುರುತಿನ ಚೀಟಿ

1995ರ ಕಾಯ್ದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 2017ರ ಏಪ್ರಿಲ್ 19ರಂದು ಜಾರಿಯಾಯಿತು. ಇದರಲ್ಲಿ 21 ಬಗೆಗಳಿವೆ. ಆಟಿಸಂ, ಕಲಿಕೆಯ ನಿರ್ದಿಷ್ಟ ತೊಂದರೆ, ಪಾರ್ಕಿನ್ಸನ್ ರೋಗ, ಹಿಮೋಫಿಲಿಯಾ, ಥಲಸ್ಸೇಮಿಯಾ, ಆಮ್ಲ ದಾಳಿಗೆ ತುತ್ತಾದವರು, ಇವರೆಲ್ಲ ಹೊಸದಾಗಿ ಸೇರಿದ್ದಾರೆ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಆಗುವುದಿಲ್ಲ ಎನ್ನಿಸಿಕೊಂಡು ಬಂದವರು ಇನ್ನೊಮ್ಮೆ ವಿಚಾರಿಸುವುದಕ್ಕೆ ಇದೇ ಸಾಕಾದ ಕಾರಣ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಇರಬೇಕು.

2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಕೇಂದ್ರ ಸರಕಾರದ ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಬೇಕೆಂದು ನಿಯಮವಾಗಿದೆ. ಅರ್ಜಿಯನ್ನು ಮನೆಯಲ್ಲಿಯೇ ತುಂಬಬಹುದು, ಇಲ್ಲವೇ ಸಮೀಪದ ಅಕ್ಷಯ ಕೇಂದ್ರದಲ್ಲಿ ತುಂಬಿಸಬಹುದು. ಆಧಾರ್, ವಾಸಸ್ಥಳದ ದಾಖಲೆ, ಭಾವಚಿತ್ರ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇಷ್ಟು ಬೇಕು. ಬಳಿಕ ಆಸ್ಪತ್ರೆಯಿಂದ ಕರೆ ಬಂದ ದಿನ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. 2024ರ ತಿದ್ದುಪಡಿಯ ಬಳಿಕ ಪ್ರಮಾಣಪತ್ರ ನೀಡಲು ಮೂರು ತಿಂಗಳ ಅವಧಿ ಇದೆ. ಮೊದಲು ಅದು ಒಂದೇ ತಿಂಗಳಾಗಿತ್ತು. ಅದೇ ತಿದ್ದುಪಡಿಯಂತೆ ಶೇಕಡಾ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿನವರಿಗೆ ನೀಲಿ ಬಣ್ಣದ ಕಾರ್ಡು ಬರುತ್ತದೆ.

ಮಂಡಳಿಗೆ ಹೋಗುವಾಗ ಹಳೆಯ ಚಿಕಿತ್ಸೆಯ ಕಡತವನ್ನು ಕಾಲಕ್ರಮದಲ್ಲಿ ಜೋಡಿಸಿ ಒಯ್ಯುವುದು ಒಳ್ಳೆಯದು. ಶ್ರವಣ ಮತ್ತು ವಾಕ್ ತೊಂದರೆ ಇರುವವರಿಗೆ ತಿರುವನಂತಪುರದ ಆಕ್ಕುಳಂನಲ್ಲಿರುವ, 1997ರಲ್ಲಿ ಸ್ಥಾಪನೆಯಾದ ನಿಷ್ ಸಂಸ್ಥೆಯ ಪರೀಕ್ಷಾ ವರದಿಗಳು ಇದ್ದರೆ ಅವನ್ನೂ ಜೊತೆಗಿಡಿ. ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ತಾತ್ಕಾಲಿಕ ಪ್ರಮಾಣಪತ್ರವೇ ಬರುವುದು. ಅದರ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು; ಹದಿನೆಂಟು ತುಂಬಿದ ಬಳಿಕ ಶಾಶ್ವತ ಪ್ರಮಾಣಪತ್ರ ಪಡೆಯಲು ಮರೆಯಬಾರದು. ಶೇಕಡಾವಾರು ಪ್ರಮಾಣದ ಬಗ್ಗೆ ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿಗೆ ಕಾಯ್ದೆಯಲ್ಲಿಯೇ ಅವಕಾಶವಿದೆ.

ಊರಿನಲ್ಲಿದ್ದಾಗ ಮಂಗಳೂರಿನಲ್ಲೋ ಉಡುಪಿಯಲ್ಲೋ ಮಾಡಿಸಿದ ಹಳೆಯ ಪ್ರಮಾಣಪತ್ರ ಇರುವವರು ಅದನ್ನು ಎಸೆಯಬೇಕಾಗಿಲ್ಲ. ಅದನ್ನೇ ಅರ್ಜಿಯೊಂದಿಗೆ ಸೇರಿಸಿ ಪರಿಶೀಲನೆಗೆ ಒಪ್ಪಿಸಬಹುದು. ಯು.ಡಿ.ಐ.ಡಿ. ಕಾರ್ಡು ದೇಶದಾದ್ಯಂತ ನಡೆಯುತ್ತದೆ. ಆದರೆ ರಾಜ್ಯ ಸರಕಾರದ ಮಾಸಾಶನ ಕಾರ್ಡಿನ ಹಿಂದೆ ಊರಿಂದೂರಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ನಾಡಕಚೇರಿಯ ಮೂಲಕ ಮಾಸಾಶನ ಪಡೆಯುತ್ತಿರುವವರು ಅದನ್ನು ನಿಲ್ಲಿಸದೆ ಕೇರಳದಲ್ಲಿ ಇನ್ನೊಂದಕ್ಕೆ ಅರ್ಜಿ ಹಾಕಬಾರದು.

ಹೆಸರಿನ ತೊಡಕು

ನಮ್ಮವರ ಅರ್ಜಿಗಳು ಹೆಚ್ಚಾಗಿ ಎಡವುವುದು ವೈದ್ಯರ ಮುಂದೆ ಅಲ್ಲ, ಹೆಸರಿನ ಮುಂದೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಅದರ ವಿಸ್ತಾರರೂಪ, ಪಡಿತರ ಚೀಟಿಯಲ್ಲಿ ಮಲಯಾಳದ ಉಚ್ಚಾರಣೆಗೆ ತಕ್ಕಂತೆ ಬದಲಾದ ಕಾಗುಣಿತ, ಮದುವೆಯಾದ ಹೆಣ್ಣುಮಗಳಾದರೆ ಗಂಡನ ಮನೆತನದ ಹೆಸರು ಬೇರೆ. ‘ಭಟ್’, ‘ಭಟ್ಟ’ ಎರಡೂ ಒಂದೇ ಎಂದು ನಮಗೆ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಇದಕ್ಕೆ ಕೇರಳದಲ್ಲಿ ಒಳ್ಳೆಯ ಪರಿಹಾರವಿದೆ. ಎರಡು ಹೆಸರುಗಳೂ ಒಬ್ಬರೇ ವ್ಯಕ್ತಿಯವು ಎಂದು ವಿಲ್ಲೇಜ್ ಆಫೀಸರು ‘ವನ್ ಆಂಡ್ ಸೇಮ್’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಇದಕ್ಕೂ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಬಹುದು. ಆದರೂ ನನ್ನ ಸಲಹೆ, ಮೊದಲು ಆಧಾರನ್ನು ಸರಿಪಡಿಸಿ, ಅದರಲ್ಲಿರುವ ಹೆಸರಿನಂತೆಯೇ ಉಳಿದೆಲ್ಲವನ್ನೂ ಮಾಡಿಸುವುದು. ಕ್ರಮ ತಪ್ಪಿದರೆ ಒಂದೇ ಕೆಲಸವನ್ನು ಎರಡು ಬಾರಿ ಮಾಡಬೇಕಾಗುತ್ತದೆ.

ಬ್ಯಾಂಕ್ ವಿವರದಲ್ಲಿಯೂ ಇಂತಹುದೇ ತೊಡಕುಂಟು. ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವು. ಕರಾವಳಿಯ ಕುಟುಂಬಗಳ ಮನೆಯಲ್ಲಿ ಈ ಬ್ಯಾಂಕುಗಳ ಹಳೆಯ ಪಾಸ್‌ಬುಕ್ಕುಗಳು ಇನ್ನೂ ಜೋಪಾನವಾಗಿವೆ. ಅವುಗಳ ನಕಲನ್ನು ಅರ್ಜಿಗೆ ಲಗತ್ತಿಸಿದರೆ ಹಳೆಯ ಐ.ಎಫ್.ಎಸ್. ಸಂಕೇತದಿಂದಾಗಿ ಹಣ ತಲುಪದು. ಹೊಸ ಪಾಸ್‌ಬುಕ್ ಪಡೆದ ಬಳಿಕವೇ ಅರ್ಜಿ ಹಾಕಿ.

ಭಾಷೆಯ ಮಾತು

ಕೇರಳದ ಅರ್ಜಿ ನಮೂನೆಗಳಲ್ಲಿ ಕನ್ನಡಿಗರನ್ನು ದಾರಿತಪ್ಪಿಸುವ ಕೆಲವು ಪದಗಳಿವೆ. ಅಲ್ಲಿ ‘ಅಪೇಕ್ಷ’ ಎಂದರೆ ಆಸೆಯಲ್ಲ, ಅರ್ಜಿ. ‘ಸಾಕ್ಷ್ಯಪತ್ರಂ’ ಎಂದರೆ ಪ್ರಮಾಣಪತ್ರ. ‘ಸ್ಥಿರತಾಮಸಂ’ ಕಾಯಂ ವಾಸ. ತಮಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ‘ರಕ್ಷಿತಾವ್’ ಎಂದರೆ ರಕ್ಷಿಸುವವರು, ಅಂದರೆ ತಂದೆ, ತಾಯಿ ಅಥವಾ ಪಾಲಕರು. ಆ ಕಾಲಂನಲ್ಲಿ ಮಗುವಿನ ಹೆಸರನ್ನು ಬರೆಯಬಾರದು. ಕಚೇರಿಗಳ ಫಲಕದಲ್ಲಿರುವ ‘ಭಿನ್ನಶೇಷಿ’ ಎಂಬ ಪದವನ್ನು ಕಂಡು ನಮಗೆ ಭಾಗಾಕಾರದ ಶೇಷ ನೆನಪಾಗಬಹುದು, ಆದರೆ ಮಲಯಾಳದಲ್ಲಿ ‘ಶೇಷಿ’ ಎಂದರೆ ಸಾಮರ್ಥ್ಯ. ನಮ್ಮ ‘ವಿಕಲಚೇತನ’ಕ್ಕಿಂತ ಅದೇ ಮೇಲೆಂದು ನನಗೆ ಅನ್ನಿಸಿದ್ದುಂಟು.

ಕನ್ನಡದಲ್ಲಿಯೇ ಪತ್ರ ಬರೆಯಬಹುದೇ ಎಂದು ಸಂಘದಲ್ಲಿ ಹಲವರು ಕೇಳುತ್ತಾರೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸಚಿವಾಲಯದೊಂದಿಗೂ ಇಲಾಖಾ ಮುಖ್ಯಸ್ಥರೊಂದಿಗೂ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ನೀಡಿತು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯಲ್ಲಿಯೂ ಈ ಅವಕಾಶವನ್ನು ಉಳಿಸಿಕೊಳ್ಳಲಾಗಿದೆ. ಸ್ಥಳೀಯ ಕಚೇರಿಗಳ ವಿಚಾರದಲ್ಲಾದರೆ ಈ ಸೌಲಭ್ಯವು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳಿಗೆ ಮಾತ್ರ. ಆದುದರಿಂದ ತಿರುವನಂತಪುರದ ಸಚಿವಾಲಯಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗುಂಟು, ಕೊಚ್ಚಿಯ ವಿಲ್ಲೇಜ್ ಆಫೀಸಿಗೆ ಬರೆಯುವಾಗ ಇಲ್ಲ. ಹಕ್ಕಿನ ಮಾತು ಹಾಗಿರಲಿ. ಕೆಲಸ ಬೇಗ ಆಗಬೇಕೆಂದಿದ್ದರೆ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯುವುದೇ ಲೇಸು. ಕನ್ನಡದಲ್ಲಿರುವ ಜನನ ಪತ್ರ ಅಥವಾ ಶಾಲಾ ದಾಖಲೆಗಳಿಗೆ ನೋಟರಿ ದೃಢೀಕರಿಸಿದ ಅನುವಾದವನ್ನು ಮೊದಲೇ ಮಾಡಿಸಿಡಿ.

ಮಾಸಾಶನ

ಕೇರಳದ ಅಂಗವಿಕಲರ ಪಿಂಚಣಿಗೆ ಅರ್ಜಿ ಸಲ್ಲಿಸಬೇಕಾದುದು ವಾಸಸ್ಥಳದ ಪಂಚಾಯತು, ನಗರಸಭೆ ಅಥವಾ ಕಾರ್ಪೊರೇಷನ್ನಿಗೆ. ಶೇಕಡಾ 40ರ ವೈಕಲ್ಯವೂ ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷ ರೂಪಾಯಿಯ ಮಿತಿಯೊಳಗಿರುವುದೂ ಮುಖ್ಯ ಷರತ್ತುಗಳು. ಮೊತ್ತವು 2021ರಲ್ಲಿ 1600 ರೂಪಾಯಿಗೆ, 2025ರ ನವೆಂಬರಿನಲ್ಲಿ 2000 ರೂಪಾಯಿಗೆ ಏರಿತು. ವರಮಾನ ಪ್ರಮಾಣಪತ್ರವನ್ನು ವಿಲ್ಲೇಜ್ ಆಫೀಸರು ನೀಡುತ್ತಾರೆ. ಪಿಂಚಣಿ ಮಂಜೂರಾದವರು ಪ್ರತಿ ವರ್ಷ ಅಕ್ಷಯ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬದುಕಿದ್ದೇವೆಂದು ತೋರಿಸಬೇಕು. ಇದಕ್ಕೆ ಇಲ್ಲಿಯವರು ‘ಮಸ್ಟರಿಂಗ್’ ಎನ್ನುತ್ತಾರೆ. ಹಾಸಿಗೆ ಹಿಡಿದವರಿದ್ದರೆ ಕೇಂದ್ರದವರು ಮನೆಗೇ ಬರುವ ಏರ್ಪಾಡಿದೆ, ಆದರೆ ತಿಳಿಸಬೇಕಾದವರು ನಾವು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರಿಗೆ ರಾಜ್ಯ ಸಾಮಾಜಿಕ ಭದ್ರತಾ ಮಿಷನ್ನಿನ ‘ಆಶ್ವಾಸಕಿರಣಂ’ ಎಂಬ ನೆರವಿನ ಯೋಜನೆಯೂ ಉಂಟು. ಹಣ ಬರುವುದು ತಡವಾಗುವುದುಂಟು.

ಪ್ರಮಾಣಪತ್ರವೊಂದೇ ಸಾಲದೆ ಪಟ್ಟಿಯಲ್ಲಿ ಹೆಸರೂ ಬೇಕಾದ ಪ್ರಸಂಗವನ್ನು ಕಾಸರಗೋಡಿನ ಕನ್ನಡಿಗರು ಅನುಭವಿಸಿದ್ದಾರೆ. ಎಣ್ಮಕಜೆ ಮೊದಲಾದ ಕಡೆ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನಿಂದ ನೊಂದವರಿಗೆ ಪರಿಹಾರ ದೊರೆಯುವುದು ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ ತಯಾರಾದ ಪಟ್ಟಿಯ ಆಧಾರದಲ್ಲಿ. ಸುಪ್ರೀಂ ಕೋರ್ಟು 2017ರ ಜನವರಿ 10ರಂದು ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ವಿಷಯ ಮತ್ತೆ ಬಂದಾಗ 3704 ಮಂದಿಯಲ್ಲಿ ಎಂಟು ಜನರಿಗೆ ಮಾತ್ರ ಹಣ ಸಂದಾಯವಾಗಿತ್ತು. ಆ ಭಾಗದಿಂದ ಚಿಕಿತ್ಸೆಗಾಗಿ ಬಂದು ಕೊಚ್ಚಿಯಲ್ಲಿ ಉಳಿದಿರುವ ಕುಟುಂಬಗಳಿದ್ದರೆ, ವಿಳಾಸ ಬದಲಿಸುವ ಮೊದಲು ಕಾಸರಗೋಡು ಜಿಲ್ಲಾಡಳಿತದಲ್ಲಿ ತಮ್ಮ ಹೆಸರಿನ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ತಂದೆತಾಯಿಗಳು ಇರುವಾಗಲೇ ಮಾಡಬೇಕಾದುದು

ಕೇಂದ್ರ ಸರಕಾರಿ ನೌಕರರ ಮಗ ಅಥವಾ ಮಗಳು ಅಂಗವೈಕಲ್ಯದ ಕಾರಣ ಸ್ವಂತ ಜೀವನೋಪಾಯಕ್ಕೆ ಅಶಕ್ತರಾಗಿದ್ದರೆ, ಅವರಿಗೆ ವಯಸ್ಸಿನ ಮಿತಿಯಿಲ್ಲದೆ ಜೀವಿತಾವಧಿಯವರೆಗೆ ಕುಟುಂಬ ಪಿಂಚಣಿ ದೊರೆಯುತ್ತದೆ. ಬ್ಯಾಂಕ್ ನೌಕರರ 1995ರ ಪಿಂಚಣಿ ನಿಯಮಾವಳಿಯಲ್ಲಿಯೂ ಇಂತಹ ಅವಕಾಶವಿದೆ. ಕಾರ್ಖಾನೆಗಳಲ್ಲಿ ದುಡಿದವರ ಭವಿಷ್ಯನಿಧಿ ಪಿಂಚಣಿ ಯೋಜನೆಯಲ್ಲಿ ಸಂಪೂರ್ಣ ಮತ್ತು ಶಾಶ್ವತ ವೈಕಲ್ಯವುಳ್ಳ ಮಕ್ಕಳಿಗೆ ಆಜೀವ ಪಿಂಚಣಿಯುಂಟು. ಮೊತ್ತದಲ್ಲಿ ಇವು ಮಾಸಾಶನಕ್ಕಿಂತ ಎಷ್ಟೋ ಪಾಲು ದೊಡ್ಡವು, ಆದರೂ ನಮ್ಮವರಲ್ಲಿ ಕಡಿಮೆ ಪರಿಚಿತವಾದವು.

ಕೇಂದ್ರ ಸರಕಾರಿ ನಿವೃತ್ತರು ತಾವು ಬದುಕಿರುವಾಗಲೇ ಅಂಗವಿಕಲ ಮಗುವಿನ ಹೆಸರನ್ನು ಪಿಂಚಣಿ ಆದೇಶಪತ್ರಕ್ಕೆ ಸೇರಿಸಿಸಿಕೊಳ್ಳಬಹುದು. ವೈಕಲ್ಯವು ತಂದೆತಾಯಿಗಳ ಜೀವಿತಕಾಲದಲ್ಲಿಯೇ ಇತ್ತೆಂಬುದು ದಾಖಲೆಯಿಂದ ತಿಳಿಯಬೇಕು. ಇಬ್ಬರೂ ತೀರಿಕೊಂಡ ನಂತರದ ದಿನಾಂಕದ ಪ್ರಮಾಣಪತ್ರವನ್ನು ಹಿಡಿದು ಬರುವ ಸೋದರ ಸೋದರಿಯರನ್ನು ಕಂಡಾಗ ಬಹಳ ಮರುಕವಾಗುತ್ತದೆ; ನಲವತ್ತು ವರ್ಷದಿಂದ ಇರುವ ಸ್ಥಿತಿಯನ್ನು ಹಳೆಯ ಔಷಧ ಚೀಟಿಗಳಿಂದ ಸಾಬೀತುಪಡಿಸುವ ಹೊಣೆ ಆಗ ಅವರ ಮೇಲೆ ಬೀಳುತ್ತದೆ.

ಇದರ ಜೊತೆಗೇ ಬರುವುದು ಪಾಲಕತ್ವದ ಪ್ರಶ್ನೆ. ಮಗು ಹದಿನೆಂಟು ದಾಟಿದೊಡನೆ ಕಾನೂನಿನ ಕಣ್ಣಿನಲ್ಲಿ ತಂದೆತಾಯಿಗಳು ಅದರ ಸಹಜ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಎರ್ನಾಕುಳಂ ಜಿಲ್ಲೆಯವರು ಕಾಕ್ಕನಾಡಿನ ಸಿವಿಲ್ ಸ್ಟೇಷನ್ನಿನಲ್ಲಿ, ತಿರುವನಂತಪುರದವರು ಕುಡಪ್ಪನಕುನ್ನಿನ ಕಲೆಕ್ಟರೇಟಿನಲ್ಲಿ ವಿಚಾರಿಸಬೇಕು. ಈ ಪಾಲಕತ್ವ ಪತ್ರದ ಆಧಾರದಲ್ಲಿ ಖಾತೆ ತೆರೆಯಲು, ನಡೆಸಲು ಬ್ಯಾಂಕುಗಳು ಅವಕಾಶ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲಿಯೇ ಸೂಚಿಸಿದೆ. ಪಾರ್ಶ್ವವಾಯು, ಅಪಘಾತಗಳಿಂದ ಕೋಮಾದಲ್ಲಿರುವವರು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಪಾಲಕರನ್ನು ನೇಮಿಸುವ ಬಗೆಗೆ ಕೇರಳ ಉಚ್ಚ ನ್ಯಾಯಾಲಯವು 2019ರಲ್ಲಿ ಮಾರ್ಗಸೂಚಿಗಳನ್ನು ನೀಡಿತು.

ಆದಾಯ ತೆರಿಗೆಯ ಬಗ್ಗೆ ಎರಡೇ ಮಾತು. 1961ರ ಕಾಯ್ದೆಯ 80ಡಿಡಿ ಮತ್ತು 80ಯು ಎಂದು ಹೆಸರಾದ ಕಡಿತಗಳ ಮೊತ್ತ 75,000 ರೂಪಾಯಿ, ಶೇಕಡಾ 80 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1,25,000 ರೂಪಾಯಿ. ಇವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2025ರ ಹೊಸ ಕಾಯ್ದೆಯಲ್ಲಿ ಇವುಗಳ ಸಂಖ್ಯೆ ಬದಲಾಗಿದೆ.

ಕೊನೆಯದಾಗಿ, ಸಹಿ ಮಾಡಲಾಗದವರು ಖಾತೆ ನಡೆಸುವಂತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಸ್ವಸ್ಥರು ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತು ಹಾಕಿ ಹಣ ಪಡೆಯಬಹುದು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ದೃಷ್ಟಿಹೀನರಿಗೆ ಚೆಕ್ ಪುಸ್ತಕ, ಎ.ಟಿ.ಎಂ. ಕಾರ್ಡು, ಲಾಕರುಗಳನ್ನು ನಿರಾಕರಿಸಬಾರದೆಂಬ ಸೂಚನೆ 2008ರಿಂದ ಇದೆ. ಶಾಖೆಯಲ್ಲಿ ತಕರಾರು ಬಂದರೆ ಬಾಯಿಮಾತಿನಲ್ಲಿ ವಾದಿಸದೆ, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಬರೆದು ಕೊಡಬೇಕಾದಾಗ ಅಧಿಕಾರಿಗಳು ಸಾಮಾನ್ಯವಾಗಿ ಸುತ್ತೋಲೆಯನ್ನು ಇನ್ನೊಮ್ಮೆ ಓದುತ್ತಾರೆ.