ಡ್ರಿಲ್ ಪೀರಿಯಡ್ಡಿಗೆ ಕ್ಯಾಮರಾ ಬಂದ ದಾರಿ

"ಮೊಣಕಾಲು ಇನ್ನೂ ಸ್ವಲ್ಪ ಎತ್ತಬೇಕಿತ್ತು" ಎನ್ನುತ್ತಾರೆ ಡ್ರಿಲ್ ಮಾಸ್ಟ್ರು. "ಎತ್ತಿದ್ದೆ ಸರ್" ಎನ್ನುತ್ತಾನೆ ಹುಡುಗ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಓಟ ಮುಗಿದುಹೋಗಿದೆ, ಸಾಕ್ಷಿ ಇಲ್ಲ. ಈ ತಕರಾರನ್ನು ಬಿಡಿಸಲು ಹೊರಟವರ ಚರಿತ್ರೆ ಸುಮಾರು ನೂರೈವತ್ತು ವರ್ಷದ್ದು.

ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆ ಎಂದು ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 12 ಕ್ಯಾಮರಾಗಳನ್ನು ಸಾಲಾಗಿಟ್ಟು ತೋರಿಸಿದ. ಮರುವರ್ಷ ಕ್ರೀಡಾಪಟುಗಳ ಚಿತ್ರಗಳನ್ನೂ ತೆಗೆದ. ಇದೆಲ್ಲ ಕುತೂಹಲದ ಸಂಗತಿ. ವ್ಯಾಯಾಮ ಶಿಕ್ಷಣದ ಪ್ರಶ್ನೆ ಹುಟ್ಟಿದ್ದು ಫ್ರಾನ್ಸಿನಲ್ಲಿ. 1870-71ರ ಯುದ್ಧದಲ್ಲಿ ಪ್ರಷ್ಯದವರಿಗೆ ಸೋತ ಆ ದೇಶ, 1880ರಲ್ಲಿ ಕಾನೂನು ಮಾಡಿ ಹುಡುಗರ ಸರಕಾರಿ ಶಾಲೆಗಳಲ್ಲಿ ವ್ಯಾಯಾಮವನ್ನು ಕಡ್ಡಾಯಗೊಳಿಸಿತು. ಕಡ್ಡಾಯವೇನೋ ಸರಿ, ಕಲಿಸುವುದು ಹೇಗೆ?

ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ 1882ರಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆಯುವ, ಕೋವಿಯ ಆಕಾರದ ಕ್ಯಾಮರಾ ಮಾಡಿದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಓಟದ ದಾರಿ ಇರುವ ಪ್ರಯೋಗಶಾಲೆಯನ್ನೂ ಆರಂಭಿಸಿದ. ಅಲ್ಲಿ ಒಬ್ಬನಿಗೆ ಮೈಯಿಡೀ ಕಪ್ಪು ಬಟ್ಟೆ ಹಾಕಿ, ಕೈಕಾಲಿನ ಉದ್ದಕ್ಕೆ ಬಿಳಿ ಪಟ್ಟಿ ಅಂಟಿಸಿ, ಕಪ್ಪು ಹಿನ್ನೆಲೆಯ ಮುಂದೆ ಓಡಿಸುತ್ತಿದ್ದರು. ಚಿತ್ರದಲ್ಲಿ ಮನುಷ್ಯ ಮಾಯ, ಚಲನೆಯ ಗೆರೆಗಳು ಮಾತ್ರ! ಇಂದು ಕಂಪ್ಯೂಟರಿನಲ್ಲಿ ಕಾಣುವ ಕಡ್ಡಿ-ಮನುಷ್ಯನ ಮುತ್ತಜ್ಜ ಇವನೇ. ಮಾರೆಯ ಸಹಾಯಕ ಜಾರ್ಜ್ ದೆಮೆನಿಗೆ ಶಾಲಾ ವ್ಯಾಯಾಮದ ಮೇಲೆಯೇ ಆಸಕ್ತಿ. ಇಬ್ಬರೂ ಮುಂದೆ ಜಗಳವಾಡಿ 1894ರಲ್ಲಿ ಬೇರೆಯಾದರು. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಾಲ್ಕು ಚಿನ್ನ ಗೆದ್ದ ಅಮೆರಿಕದ ಆಲ್ವಿನ್ ಕ್ರೆನ್ಜ್‌ಲೈನ್ ಹರ್ಡಲ್ ದಾಟುವ ರೀತಿಯನ್ನೂ ಮಾರೆಯ ತಂಡ ಚಿತ್ರೀಕರಿಸಿತು.

ಅಂದರೆ ಸೂಕ್ಷ್ಮವಾಗಿ ನೋಡುವ ವಿದ್ಯೆ ಆಗಲೇ ಸಿದ್ಧವಿತ್ತು. ಇಲ್ಲದ್ದು ಒಂದೇ: ಚಿತ್ರ ತೊಳೆದು ಒಣಗುವ ಹೊತ್ತಿಗೆ ಓಡಿದವನು ಮನೆಗೆ ಹೋಗಿರುತ್ತಿದ್ದ. ನೋಡಿ ಕಲಿಯುತ್ತಿದ್ದವರು ವಿಜ್ಞಾನಿಗಳು, ಓಡಿದವನಲ್ಲ. ಈ ಅಂತರವನ್ನು ಮೊದಲು ಕಡಿಮೆ ಮಾಡಿದ್ದು 1956ರಲ್ಲಿ ಬಂದ ವಿಡಿಯೋ ಟೇಪು. 1967ರ ಸೋನಿ ಪೋರ್ಟಪ್ಯಾಕ್ ಅದನ್ನು ಹೆಗಲಿಗೇರಿಸಿತು. 1995ರ ಡಿವಿ ಕ್ಯಾಮರಾ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿತು. ನನ್ನ ಲೆಕ್ಕದಲ್ಲಿ ಶಾಲೆಗೆ ಇದೇ ದೊಡ್ಡ ಬದಲಾವಣೆ. ಜಿಗಿದ ಹುಡುಗಿ ಅದೇ ಪೀರಿಯಡ್ಡಿನಲ್ಲಿ ತನ್ನ ಜಿಗಿತ ನೋಡಿ ಮತ್ತೊಮ್ಮೆ ಜಿಗಿಯಬಹುದು.

ಅದಕ್ಕೂ ಮಿತಿಯಿತ್ತು. ನಮ್ಮಲ್ಲಿನ ಡಿವಿ ಕ್ಯಾಮರಾಗಳದು ಸೆಕೆಂಡಿಗೆ 25 ಚಿತ್ರ. ಸೆಕೆಂಡಿಗೆ 7 ಮೀಟರ್ ಓಡುವ ಮಗು ಎರಡು ಚಿತ್ರಗಳ ನಡುವೆ 28 ಸೆಂ.ಮೀ. ಮುಂದೆ ಹೋಗಿರುತ್ತದೆ. ಉದ್ದ ಜಿಗಿತದ ಹಲಗೆಯ ಅಗಲವೇ 20 ಸೆಂ.ಮೀ.! ಪುಣ್ಯಕ್ಕೆ, ಪಾದ ಹಲಗೆಯ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ನಿಲ್ಲುವುದರಿಂದ ಎರಡು ಮೂರು ಚಿತ್ರಗಳಲ್ಲಿ ಸಿಗುತ್ತದೆ. ಎಸೆಯುವ ಕೈ ಮಾತ್ರ ಮಸುಕು. ಇಷ್ಟು ಸಣ್ಣ ಲೆಕ್ಕ ಯಾಕೆ ಎಂದು ಕೇರಳದಲ್ಲಿ ಯಾರೂ ಕೇಳಲಾರರು. 1984ರ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ 55.42 ಸೆಕೆಂಡ್, ಕಂಚು ಪಡೆದವಳು 55.41.

ಈಗ ಅನೇಕ ಮೊಬೈಲುಗಳೇ ಸೆಕೆಂಡಿಗೆ 240 ಚಿತ್ರ ತೆಗೆಯುತ್ತವೆ. ಕೋನ ಅಳೆಯುವ ಕಿನೋವಿಯಾ ತಂತ್ರಾಂಶ ಉಚಿತ. ಆದರೆ ನಲವತ್ತು ಮಕ್ಕಳಿಗೆ ಒಂದೇ ಕ್ಯಾಮರಾ ಇಟ್ಟರೆ ಅರ್ಧ ಪೀರಿಯಡ್ಡು ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆಯುತ್ತದೆ. ಇನ್ನೊಂದು ಮಾತು. ಹಿಂದೆ ಟೇಪು ಶಾಲೆಯ ಕಪಾಟಿನಲ್ಲಿರುತ್ತಿತ್ತು; ಮೊಬೈಲಿನ ಚಿತ್ರ ನಿಮಿಷದಲ್ಲಿ ಊರೆಲ್ಲ ಸುತ್ತೀತು. ಹಾಗಾಗಿ ತೆಗೆಯುವ ಮೊದಲು ಮನೆಯವರ ಒಪ್ಪಿಗೆ ಬೇಕು, ಮಗು ನೋಡಿಯಾದ ಮೇಲೆ ಅಳಿಸಬೇಕು.