ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸೋ ಮುನ್ನ ಇಷ್ಟು ನೋಡ್ಕೊಳ್ಳಿ

ಚಿತ್ರದುರ್ಗ: ಹಿರಿಯೂರು ದಾಟಿ ಹೈವೇ 48ರಲ್ಲಿ ಟರ್ಬೊ ಕಾರು ಓಡಿಸುವವರಿಗೆ ಇನ್ನೊಂಚೂರು ಪಿಕಪ್ ಬೇಕಿತ್ತು ಅನಿಸೋದು ಸಹಜ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಇಸಿಯು ಸಾಫ್ಟ್‌ವೇರ್ ಬದಲಿಸಿ ಆ ಒತ್ತಡ ಏರಿಸೋದೇ ರೀಮ್ಯಾಪ್.

ತೊಂದರೆ ಇರೋದು ಬಿಸಿಯಲ್ಲಿ. ಒತ್ತಿದ ಗಾಳಿ ಕಾಯುತ್ತದೆ, ಅದನ್ನು ತಣಿಸೋದು ಇಂಟರ್‌ಕೂಲರ್. ನಮ್ಮ ಜಿಲ್ಲೆಯ ಏಪ್ರಿಲ್ ಬಿಸಿಲಿಗೆ ಅದೂ ಸುಸ್ತು. ಗಾಳಿ ತಣಿಯದಿದ್ದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ನಾಕ್ ಹೊಡೆಯುತ್ತದೆ, ಪಿಸ್ಟನ್ನೇ ಹೋಗಬಹುದು. ಬೆಂಗಳೂರಿನ ತಂಪಿನಲ್ಲಿ ಟೆಸ್ಟ್ ಮಾಡಿದ ಮ್ಯಾಪ್ ಇಲ್ಲಿಗೂ ಸರಿ ಅಂತ ನಂಬಬೇಡಿ.

ಮೊದಲ ದುಡ್ಡು ಆಯಿಲ್, ಸ್ಪಾರ್ಕ್ ಪ್ಲಗ್, ಟೈರ್, ಬ್ರೇಕ್‌ಗೆ ಹೋಗಲಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಧೂಳಿನ ದಾರಿಯಲ್ಲಿ ಓಡಿದ ಕಾರಾದರೆ ಏರ್ ಫಿಲ್ಟರ್ ತೆಗೆದು ನೋಡಿ. ಕಳೆದುಹೋದ ಪಿಕಪ್ ಅಲ್ಲೇ ಸಿಕ್ಕೀತು!

ಕಂಪನಿ ವಾರಂಟಿ ಇರೋವರೆಗೆ ರೀಮ್ಯಾಪ್ ತಂಟೆಗೆ ಹೋಗದಿರೋದೇ ಒಳ್ಳೇದು. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮ್‌ಗೂ ಕೊಕ್ಕೆ ಬೀಳಬಹುದು. ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ, ಕಾಯ್ದೆ ಒಪ್ಪದ ಬಿಡಿಭಾಗ ಹಾಕಿಸಿದರೆ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಜೋರು ಸದ್ದಿನ ಸೈಲೆನ್ಸರ್‌ಗೆ ಆಸೆಪಡುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.